ಚಲಿಸುವ ಮನೆಯ ಗೃಹಧರ್ಮ

ಪ್ರತಿವರ್ಷವೂ ಬೇಸಗೆ ಕಾಲಿಡುತ್ತಲೇ ಕ್ಯಾಲಿಫೋರ್ನಿಯದ ಲಾಸ್ ಆಲ್ಟೋಸ್, ಮೌಂಟನ್ ವ್ಯೂ, ಸನಿವೇಲ್, ಕ್ಯುಪರ್ಟಿನೊಗಳ ಕನ್ನಡ ಮನೆಗಳಲ್ಲಿ, ಊರಿನಿಂದ ಬಂದಿಳಿದ ತಂದೆತಾಯಿಗಳಿಗೆ ಯೊಸೆಮಿಟಿಯ ಜಲಪಾತಗಳನ್ನು ತೋರಿಸಬೇಕೆಂಬ ಮಾತು ಏಳುತ್ತದೆ. ಅದರ ಬೆನ್ನಿಗೇ, ನಾಲ್ಕೈದು ಗಂಟೆಗಳ ಕಾಲ ಕಾರಿನಲ್ಲಿ ಮಡಿಸಿ ಕೂರಲಾರದ ಮಂಡಿ, ಮೇಲಿಂದ ಮೇಲೆ ಬೇಕಾಗುವ ಶೌಚಾಲಯ, ಹೊತ್ತಿಗೆ ಸರಿಯಾಗಿ ಆಗಬೇಕಾದ ಪಥ್ಯದ ಊಟ, ತಣ್ಣಗಿರಬೇಕಾದ ಇನ್ಸುಲಿನ್ ಮುಂತಾದ ಹತ್ತು ಚಿಂತೆಗಳೂ ಬಂದು ನಿಲ್ಲುತ್ತವೆ. ಈ ಚಿಂತೆಗಳಿಗೆಲ್ಲ ಅಮೆರಿಕದ ಜನ ಕಂಡುಕೊಂಡಿರುವ ಉತ್ತರವೇ, ಅಡಿಗೆಯ ಒಲೆ, ಹಾಸಿಗೆ, ಸ್ನಾನ, ಶೌಚಗಳ ಅನುಕೂಲಗಳನ್ನೆಲ್ಲ ಒಡಲಲ್ಲಿರಿಸಿಕೊಂಡು ಓಡುವ ಆರ್‌ವಿ. ಬುತ್ತಿ ಕಟ್ಟಿಕೊಂಡು, ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಮನೆಮಂದಿಯೆಲ್ಲ ಜಾತ್ರೆಗೆ ಹೊರಡುತ್ತಿದ್ದ ನಮ್ಮ ಜನಕ್ಕೆ ಈ ಬಗೆಯ ಪ್ರಯಾಣದ ಸುಖವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ.

ಹೇಳಬೇಕಾದುದು ಆ ಸುಖಕ್ಕೆ ಆಧಾರವಾದ ಶಿಸ್ತನ್ನು ಕುರಿತು. ನಲ್ಲಿ ತಿರುಗಿಸಿದರೆ ನೀರು, ಗುಂಡಿಯೊತ್ತಿದರೆ ದೀಪ ಎಂಬ ನೆಚ್ಚಿಕೆಯಲ್ಲಿ ಬಾಳುವ ನಾವು, ಅವೆರಡೂ ಎಲ್ಲಿಂದ ಬರುತ್ತವೆ, ಎಷ್ಟು ಬರುತ್ತವೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತವೆ ಎಂದು ನಗರದ ಮನೆಯಲ್ಲಿ ಒಮ್ಮೆಯೂ ಯೋಚಿಸುವುದಿಲ್ಲ. ಆರ್‌ವಿಯಲ್ಲಿ ಅದನ್ನು ಯೋಚಿಸದೆ ಒಂದು ದಿನವೂ ಕಳೆಯದು. ವಾಹನದ ಗಾತ್ರ, ಅದು ಹೊರುವ ತೂಕ, ಅದರಲ್ಲಿರುವ ನೀರು, ಅದಕ್ಕೆ ದೊರೆಯುವ ವಿದ್ಯುತ್ತು ಎಂಬ ಈ ನಾಲ್ಕರ ಅಳತೆಯನ್ನು ಬಲ್ಲ ಕುಟುಂಬಕ್ಕೆ ಆರ್‌ವಿ ವರವಾಗುತ್ತದೆ. ಅರಿಯದ ಕುಟುಂಬಕ್ಕೆ ಅದು ಬಹು ಬೆಲೆಯ ಭಾರವಾಗಿ ಮನೆಯ ಮುಂದೆ ನಿಲ್ಲುತ್ತದೆ.

ಕೊಳ್ಳುವ ಮುನ್ನ ಬಾಡಿಗೆ

ಆರ್‌ವಿಗಳಲ್ಲಿ ಮುಖ್ಯವಾಗಿ ಎರಡು ಜಾತಿ: ತಾನೇ ಎಂಜಿನ್ ಹೊಂದಿ ಓಡುವ ಮೋಟರ್‌ಹೋಮ್ ಒಂದು, ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯುವ ಟ್ರೇಲರ್ ಇನ್ನೊಂದು. ಮೋಟರ್‌ಹೋಮುಗಳಲ್ಲಿ ಬಸ್ಸಿನಾಕಾರದ ದೊಡ್ಡದನ್ನು ಎ ದರ್ಜೆಯೆಂದೂ, ಉದ್ದ ವ್ಯಾನನ್ನೇ ಮನೆಯಾಗಿಸಿದ ಚಿಕ್ಕದನ್ನು ಬಿ ದರ್ಜೆಯೆಂದೂ, ಚಾಲಕನ ತಲೆಯ ಮೇಲೆ ಅಟ್ಟದಂತಹ ಹಾಸಿಗೆಯುಳ್ಳ ನಡುವಣ ಗಾತ್ರದ್ದನ್ನು ಸಿ ದರ್ಜೆಯೆಂದೂ ಕರೆಯುವರು. ಅಜ್ಜ ಅಜ್ಜಿ, ಗಂಡ ಹೆಂಡತಿ, ಎರಡು ಮಕ್ಕಳು ಇರುವ ಸಂಸಾರಕ್ಕೆ ಸಾಮಾನ್ಯವಾಗಿ ಒಪ್ಪುವುದು ಸಿ ದರ್ಜೆಯದು. ಅದನ್ನು ನೋಡಲು ಹೋದಾಗ ಹಿರಿಯರನ್ನೂ ಕರೆದೊಯ್ದು, ಬಾಗಿಲ ಮೆಟ್ಟಿಲನ್ನು ಅವರು ಹತ್ತಿಳಿಯಬಲ್ಲರೆ, ಹಿಂಬದಿಯ ಹಾಸಿಗೆಯಿಂದ ರಾತ್ರಿ ಎದ್ದು ಶೌಚಕ್ಕೆ ಹೋಗುವಾಗ ಕೈಗೆ ಆಸರೆಯೇನಾದರೂ ಸಿಕ್ಕುವುದೆ, ಆ ಇಕ್ಕಟ್ಟಾದ ಶೌಚಗೃಹದಲ್ಲಿ ಅವರು ಕುಳಿತು ಏಳಬಲ್ಲರೆ ಎಂಬುದನ್ನು ಪರೀಕ್ಷಿಸಿಯೇ ಮುಂದುವರಿಯಬೇಕು. ಮೇಲಿನ ಅಟ್ಟದ ಹಾಸಿಗೆ ಮಕ್ಕಳಿಗೇ ಸರಿ.

ಒಂದೆರಡು ಬಾರಿ ಬಾಡಿಗೆಗೆ ತೆಗೆದುಕೊಂಡು ಓಡಿಸದೆ ಯಾರೂ ಆರ್‌ವಿ ಕೊಳ್ಳಕೂಡದು. ಹೊಸ ಆರ್‌ವಿಯ ಬೆಲೆ ಮೊದಲ ಕೆಲವು ವರ್ಷಗಳಲ್ಲಿಯೇ ಬಹಳವಾಗಿ ಇಳಿಯುತ್ತದೆ; ವಿಮೆ, ಅದರ ಬೆಲೆಯ ಮೇಲೆ ಕ್ಯಾಲಿಫೋರ್ನಿಯದ ಮೋಟರು ವಾಹನ ಇಲಾಖೆಯಾದ ಡಿಎಂವಿಯು ಪ್ರತಿವರ್ಷ ವಿಧಿಸುವ ಶೇಕಡಾ 0.65ರ ಲೈಸೆನ್ಸ್ ಶುಲ್ಕ, ನಿಲ್ಲಿಸಲು ಜಾಗದ ಬಾಡಿಗೆ, ದುರಸ್ತಿ ಇವೆಲ್ಲ ಬೇರೆ. ವರ್ಷಕ್ಕೆ ಎರಡು ವಾರ ಮಾತ್ರ ತಿರುಗಾಡುವವರಿಗೆ ಬಾಡಿಗೆಯೇ ಲಾಭಕರವೆಂಬುದು ಕಾಗದದ ಮೇಲೆ ಲೆಕ್ಕ ಹಾಕಿದೊಡನೆ ತಿಳಿಯುತ್ತದೆ.

ದೊಡ್ಡದೇ ಬೇಕೆಂಬ ಆಸೆಯಿದ್ದವರು ಲಾಸ್ ಆಲ್ಟೋಸಿನಿಂದ ಒಂದೂವರೆ ಗಂಟೆಯ ಆಸುಪಾಸಿನ ದಾರಿಯಲ್ಲಿರುವ ಸಲೀನಸ್ ಪಟ್ಟಣಕ್ಕೆ ಹೋಗಿ, ಅಲ್ಲಿಯ ರಾಷ್ಟ್ರೀಯ ಸ್ಟೈನ್‌ಬೆಕ್ ಕೇಂದ್ರದಲ್ಲಿಟ್ಟಿರುವ ‘ರೋಸಿನಾಂಟೆ’ಯನ್ನು ನೋಡಿ ಬರಬೇಕು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿಯೊಡನೆ ಅಮೆರಿಕವನ್ನು ಸುತ್ತಿದ್ದು, ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿದ ಆ ಪುಟ್ಟ ಕೋಣೆಯಲ್ಲಿ. ಒಂದು ಮಹಾದೇಶವನ್ನು ಕಾಣಲು ಎಷ್ಟು ಸ್ವಲ್ಪ ಜಾಗ ಸಾಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಗಾತ್ರ ಮತ್ತು ತೂಕ

ನಾಲ್ವತ್ತು ಅಡಿಯವರೆಗಿನ ಮೋಟರ್‌ಹೋಮನ್ನು ಕ್ಯಾಲಿಫೋರ್ನಿಯದಲ್ಲಿ ಕಾರಿನ ಸಾಮಾನ್ಯ ಲೈಸೆನ್ಸಿನಲ್ಲಿಯೇ ಓಡಿಸಬಹುದು. ಅದಕ್ಕೂ ಉದ್ದವಾದುದಕ್ಕೆ ಬೇರೆ ದರ್ಜೆಯ ಲೈಸೆನ್ಸ್ ಬೇಕು. ಕಾನೂನು ಒಪ್ಪಿತೆಂದ ಮಾತ್ರಕ್ಕೆ ಕೈ ಪಳಗಿದಂತಾಗಲಿಲ್ಲ. ಹಿಂದಿನ ಚಕ್ರದಿಂದಾಚೆಗೆ ಹಲವು ಅಡಿ ಚಾಚಿಕೊಂಡ ಬಾಲವು, ಬಲಕ್ಕೆ ತಿರುಗುವಾಗ ಎಡಕ್ಕೂ ಎಡಕ್ಕೆ ತಿರುಗುವಾಗ ಬಲಕ್ಕೂ ಬೀಸುತ್ತದೆಂಬುದನ್ನು ಕಣ್ಣಾರೆ ಕಂಡು ಅಭ್ಯಾಸ ಮಾಡಿಕೊಳ್ಳುವುದಕ್ಕಾಗಿ, ರಜೆಯ ದಿನ ಖಾಲಿಯಿರುವ ವಿಶಾಲವಾದ ಪಾರ್ಕಿಂಗ್ ಜಾಗವೊಂದರಲ್ಲಿ ಅನುಮತಿ ಪಡೆದು ಒಂದೆರಡು ಗಂಟೆ ಓಡಿಸಿ ನೋಡುವುದು ಅಗತ್ಯ. ಹಿಂದಕ್ಕೆ ತೆಗೆಯುವಾಗ ಒಬ್ಬರು ಕೆಳಗಿಳಿದು, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಂತು, ಮೊದಲೇ ಒಪ್ಪಿಕೊಂಡ ಕೈಸನ್ನೆಗಳಿಂದ ದಾರಿ ತೋರಬೇಕು. ಆ ವ್ಯಕ್ತಿ ಕನ್ನಡಿಯಿಂದ ಮರೆಯಾದ ಕ್ಷಣವೇ ಬ್ರೇಕ್ ಒತ್ತುವುದು ಎಂದಿಗೂ ಮುರಿಯದ ನಿಯಮವಾಗಿರಲಿ.

ಎತ್ತರದ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು. ಸಿ ದರ್ಜೆಯ ವಾಹನ ಸುಮಾರು ಹನ್ನೊಂದು ಹನ್ನೆರಡು ಅಡಿ ಎತ್ತರವಿರುತ್ತದೆ. ಲಾಸ್ ಆಲ್ಟೋಸಿನ ಹಳೆಯ ಓಕ್ ಮರಗಳ ಕೊಂಬೆಗಳು ಬೀದಿಯ ಮೇಲೆ ಬಾಗಿರುವುದನ್ನು ಕಾರಿನಲ್ಲಿ ಹೋಗುವವರು ನೆರಳೆಂದು ಮೆಚ್ಚುವರು. ಆರ್‌ವಿಯ ಮಾಡಿನ ಮೇಲಿರುವ ಏರ್‌ಕಂಡೀಷನರಿಗೆ ಆ ಕೊಂಬೆಯೇ ಶತ್ರು. ವಾಹನದ ನಿಜವಾದ ಎತ್ತರವನ್ನು ಅಡಿ ಅಂಗುಲಗಳಲ್ಲಿ ದಪ್ಪಕ್ಷರದಲ್ಲಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸಿದರೆ, ಗ್ಯಾಸ್ ಸ್ಟೇಷನ್ನಿನ ಚಾವಣಿಯ ಮುಂದಾಗಲಿ ಹಳೆಯ ಸೇತುವೆಯ ಕೆಳಗಾಗಲಿ ಊಹಿಸುತ್ತ ನಿಲ್ಲಬೇಕಾಗದು.

ತೂಕದ ಮಿತಿಯನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಒಂದು ಗ್ಯಾಲನ್ ನೀರು ಎಂಟು ಪೌಂಡಿಗೂ ಮಿಗಿಲು ತೂಗುವುದರಿಂದ, ನಾಲ್ವತ್ತು ಗ್ಯಾಲನ್ನಿನ ಟ್ಯಾಂಕು ತುಂಬಿದರೆ ಸುಮಾರು 150 ಕಿಲೋಗ್ರಾಂ ಭಾರವನ್ನು ನೀರೇ ಆಕ್ರಮಿಸಿಕೊಳ್ಳುತ್ತದೆ. ಅದರ ಮೇಲೆ ಆರು ಜನ, ಅಕ್ಕಿಯ ಚೀಲ, ಸೈಕಲ್ಲುಗಳು ಸೇರಿದರೆ ಮಿತಿ ಮೀರುವುದಕ್ಕೆ ಬಹಳ ಹೊತ್ತು ಬೇಡ. ಹೆದ್ದಾರಿಯ ಬದಿಯ ಟ್ರಕ್ ನಿಲ್ದಾಣಗಳಲ್ಲಿ ತೂಗುವ ವ್ಯವಸ್ಥೆಯಿದೆ. ಮೊದಲ ಬಾರಿ ಪೂರ್ತಿ ತುಂಬಿದ ವಾಹನವನ್ನು ಅಲ್ಲಿ ತೂಗಿಸಿಕೊಳ್ಳುವುದು ಲೇಸು. ಟ್ರೇಲರ್ ಎಳೆಯುವವರಿಗೆ ಈ ರಾಜ್ಯದಲ್ಲಿ ಗಂಟೆಗೆ 55 ಮೈಲಿಯೇ ವೇಗದ ಮಿತಿ. ಚಲಿಸುತ್ತಿರುವ ಟ್ರಾವೆಲ್ ಟ್ರೇಲರಿನೊಳಗೆ ಯಾರನ್ನೂ ಕೂರಿಸುವಂತಿಲ್ಲ. ಮೋಟರ್‌ಹೋಮಿನಲ್ಲಿಯೂ ಗಾಡಿ ಓಡುವಷ್ಟು ಹೊತ್ತು ಎಲ್ಲರೂ ಸೀಟ್ ಬೆಲ್ಟ್ ಕಟ್ಟಿಕೊಂಡು ಕುಳಿತಿರಬೇಕೇ ವಿನಾ, ಕಾಫಿ ಕಾಸಲೆಂದು ಎದ್ದು ಓಡಾಡಬಾರದು.

ನೀರು ಮತ್ತು ಕೊಳಚೆ

ಆರ್‌ವಿಯಲ್ಲಿ ಮೂರು ಟ್ಯಾಂಕುಗಳಿರುತ್ತವೆ: ಶುದ್ಧ ನೀರಿನದು ಒಂದು, ಪಾತ್ರೆ ತೊಳೆದ ಹಾಗೂ ಮಿಂದ ನೀರು ಸೇರುವ ಬೂದುನೀರಿನದು ಎರಡನೆಯದು, ಶೌಚದ ಕಪ್ಪುನೀರಿನದು ಮೂರನೆಯದು. ಕುಡಿಯುವ ನೀರು ತುಂಬಿಸುವ ಬಿಳಿಯ ಕೊಳವೆಯನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟಬಾರದು. ಕ್ಯಾಂಪಿನ ನಲ್ಲಿಯ ಒತ್ತಡ ಕೆಲವೆಡೆ ವಿಪರೀತವಾಗಿರುವುದರಿಂದ ನಡುವೆ ರೆಗ್ಯುಲೇಟರ್ ಜೋಡಿಸದೆ ವಾಹನದೊಳಕ್ಕೆ ನೀರು ಬಿಡಬಾರದು.

ಕಪ್ಪುನೀರಿನ ಟ್ಯಾಂಕಿನ ಬಗೆಗೆ ಸಂಕೋಚ ಬಿಟ್ಟು ಸ್ಪಷ್ಟವಾಗಿ ಹೇಳುವುದೇ ಉಪಕಾರ. ಕ್ಯಾಂಪಿನಲ್ಲಿ ಕೊಳಚೆಯ ಸಂಪರ್ಕವಿದ್ದರೂ ಅದರ ಕವಾಟವನ್ನು ತೆರೆದಿಡಬಾರದು. ತೆರೆದಿಟ್ಟರೆ ದ್ರವವೆಲ್ಲ ಹರಿದುಹೋಗಿ ಘನವು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಟ್ಯಾಂಕು ಮೂರರಲ್ಲಿ ಎರಡು ಪಾಲಾದರೂ ತುಂಬುವವರೆಗೆ ಕಾದು, ಕೊಳಚೆ ಸುರಿಯುವ ಡಂಪ್ ಸ್ಟೇಷನ್ನಿನಲ್ಲಿ ಕೈಗವಸು ತೊಟ್ಟು, ಮೊದಲು ಕಪ್ಪುನೀರನ್ನೂ ಅನಂತರ ಬೂದುನೀರನ್ನೂ ಬಿಡುವುದು ಕ್ರಮ. ಹೀಗೆ ಮಾಡಿದರೆ ಎರಡನೆಯದು ಮೊದಲನೆಯದರ ಕೊಳವೆಯನ್ನು ತೊಳೆದುಬಿಡುತ್ತದೆ. ಶೌಚಕ್ಕೆ ಚೊಂಬಿನ ನೀರನ್ನೇ ಬಳಸುವ ನಮ್ಮ ಹಿರಿಯರ ರೂಢಿ ಟ್ಯಾಂಕಿನ ಆರೋಗ್ಯಕ್ಕೆ ಒಳ್ಳೆಯದೇ; ಕಾಗದ ಕಡಿಮೆಯಾಗಿ ನೀರು ಹೆಚ್ಚಿದಷ್ಟೂ ಕಟ್ಟಿಕೊಳ್ಳುವುದು ಕಡಿಮೆ. ಆದರೆ ಶುದ್ಧ ನೀರು ಬೇಗ ಮುಗಿದು ಕಪ್ಪುನೀರಿನ ಟ್ಯಾಂಕು ಬೇಗ ತುಂಬುವುದರಿಂದ, ಅಂತಹ ಕುಟುಂಬ ಡಂಪ್ ಸ್ಟೇಷನ್ನಿನ ಭೇಟಿಯನ್ನು ಒಂದು ದಿನ ಮುಂಚಿತವಾಗಿಯೇ ಇಟ್ಟುಕೊಳ್ಳಬೇಕು. ಸ್ನಾನದಲ್ಲಿ ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆದು ತೊಳೆದುಕೊಳ್ಳುವ ಪದ್ಧತಿಯನ್ನು ಮಕ್ಕಳಿಗೆ ಮೊದಲೇ ಕಲಿಸಿರಿ.

ವಿದ್ಯುತ್ತು, ಗ್ಯಾಸು, ಒಗ್ಗರಣೆ

ಮೂವತ್ತು ಆಂಪಿಯರಿನ ಸಂಪರ್ಕವುಳ್ಳ ಆರ್‌ವಿಗೆ ಒಟ್ಟು ದೊರೆಯುವುದು 3,600 ವಾಟ್ ಮಾತ್ರ. ಏರ್‌ಕಂಡೀಷನರ್ ಓಡುತ್ತಿರುವಾಗ ಇಂಡಕ್ಷನ್ ಒಲೆಯನ್ನೂ ಮೈಕ್ರೋವೇವನ್ನೂ ಕೂಡಿಯೇ ಹಚ್ಚಿದರೆ ಬ್ರೇಕರ್ ಬೀಳುವುದು ಖಂಡಿತ. ಚಟ್ನಿ ಅರೆಯುವಷ್ಟು ಹೊತ್ತು ಏರ್‌ಕಂಡೀಷನರನ್ನು ನಿಲ್ಲಿಸುವುದು ದೊಡ್ಡ ತ್ಯಾಗವೇನಲ್ಲ. ಮಿಕ್ಸಿಯು ಇಲ್ಲಿಯ 120 ವೋಲ್ಟಿನದೇ ಆಗಿರಬೇಕು. ಸಂಪರ್ಕವಿಲ್ಲದ ಕಡೆ ಬ್ಯಾಟರಿಯೇ ಗತಿಯಾದುದರಿಂದ, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಕುಗ್ಗುವುದೆಂಬುದನ್ನೂ, ಲಿಥಿಯಂ ಬ್ಯಾಟರಿಯನ್ನು ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಬಾರದೆಂಬುದನ್ನೂ ನೆನಪಿಡಬೇಕು. ಗ್ಯಾಸ್ ಸ್ಟೇಷನ್ನನ್ನು ಹೊಗುವ ಮುನ್ನ ಪ್ರೊಪೇನಿನಿಂದ ಉರಿಯುವ ಫ್ರಿಜ್ಜನ್ನೂ ಹೀಟರನ್ನೂ ಆರಿಸತಕ್ಕದ್ದು. ಪ್ರೊಪೇನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸೂಚಕಗಳಿಗೆ ಆಯುಷ್ಯದ ಮಿತಿಯುಂಟು; ಅವುಗಳ ಬೆನ್ನ ಮೇಲಿರುವ ತಾರೀಖನ್ನು ಓದಿ, ಅವಧಿ ಮುಗಿದಿದ್ದರೆ ಬದಲಿಸದೆ ಒಳಗೆ ಒಂದು ರಾತ್ರಿಯೂ ಮಲಗಬಾರದು.

ನಮ್ಮ ಅಡಿಗೆಗೆ ಆರ್‌ವಿ ಹೊಂದಿಕೊಳ್ಳದೆ ಇಲ್ಲ, ಆದರೆ ಎರಡು ವಿಷಯಗಳಲ್ಲಿ ನಾವೇ ಅದಕ್ಕೆ ಹೊಂದಿಕೊಳ್ಳಬೇಕು. ಮೊದಲನೆಯದು ಒಗ್ಗರಣೆ: ಸಾಸಿವೆ ಸಿಡಿದು ಒಣಮೆಣಸಿನಕಾಯಿಯ ಘಾಟು ಎದ್ದೊಡನೆ ಆ ಚಿಕ್ಕ ಕೋಣೆಯ ಹೊಗೆಸೂಚಕ ಕೂಗಿಕೊಳ್ಳುತ್ತದೆ, ಇಂಗಿನ ವಾಸನೆ ಹಾಸಿಗೆ ಪರದೆಗಳಲ್ಲಿ ವಾರಗಟ್ಟಲೆ ನಿಲ್ಲುತ್ತದೆ; ಆದುದರಿಂದ ಒಂದು ಚಿಕ್ಕ ಪ್ರೊಪೇನ್ ಒಲೆಯನ್ನು ಹೊರಗಿನ ಮೇಜಿನ ಮೇಲಿಟ್ಟು ಒಗ್ಗರಣೆಯನ್ನೂ ದೋಸೆಯನ್ನೂ ಅಲ್ಲಿಯೇ ಮುಗಿಸುವುದು ಮೇಲು. ಹಿರಿಯರು ಬೆಳಗಿನ ಪೂಜೆಯ ದೀಪ, ಊದುಬತ್ತಿಗಳನ್ನೂ ಒಳಗೆ ಹಚ್ಚದಿರಲಿ. ಎರಡನೆಯದು ಪಾತ್ರೆ ತೊಳೆಯುವುದು: ತಟ್ಟೆಗಂಟಿದ ಅನ್ನದ ಅಗುಳು, ಹುಳಿಯ ತಳದ ಬೇಳೆ, ಎಣ್ಣೆಯ ಜಿಡ್ಡು ಬೂದುನೀರಿನ ಟ್ಯಾಂಕಿಗಿಳಿದರೆ ಎರಡೇ ದಿನಗಳಲ್ಲಿ ಅದು ಕಪ್ಪುನೀರಿಗಿಂತಲೂ ಹೆಚ್ಚು ನಾರುತ್ತದೆ; ತೊಳೆಯುವ ಮುನ್ನ ಪ್ರತಿಯೊಂದು ತಟ್ಟೆಯನ್ನೂ ಕಾಗದದಿಂದ ಒರಸಿಬಿಡಬೇಕು. ಪ್ರೆಷರ್ ಕುಕ್ಕರನ್ನು ಮರೆಯದಿರಿ: ಯೊಸೆಮಿಟಿಯ 8,600 ಅಡಿ ಎತ್ತರದ ಟುವಾಲಮಿ ಮೆಡೋಸಿನಲ್ಲಿ ನೀರು ಸುಮಾರು 91 ಡಿಗ್ರಿ ಸೆಲ್ಸಿಯಸಿನಲ್ಲಿಯೇ ಕುದಿದುಬಿಡುವುದರಿಂದ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದು ಬಹಳ ಪ್ರಯಾಸ.

ದಾರಿ

ಲಾಸ್ ಆಲ್ಟೋಸಿನಿಂದ ಯೊಸೆಮಿಟಿ ಕಣಿವೆಗೆ ಸುಮಾರು 200 ಮೈಲಿ. ಕಾರಿನಲ್ಲಿ ನಾಲ್ಕೂವರೆ ಗಂಟೆಯಾದರೆ ಆರ್‌ವಿಯಲ್ಲಿ ಆರು ಗಂಟೆಯೆಂದೇ ತಿಳಿದು, ಬೆಳಗಿನ ಜಾವ ಹೊರಡುವುದು ಉಚಿತ. 580ನೆಯ ಹೆದ್ದಾರಿಯ ಆಲ್ಟಮಾಂಟ್ ಕಣಿವೆದಾರಿಯಲ್ಲಿಯೂ 152ನೆಯ ಹೆದ್ದಾರಿಯ ಪಚೇಕೊ ಕಣಿವೆದಾರಿಯಲ್ಲಿಯೂ ಬೀಸುವ ಅಡ್ಡಗಾಳಿ ಎತ್ತರವಾದ ವಾಹನವನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡು ಕೈಗಳಿಂದ ಚಕ್ರ ಹಿಡಿದು ವೇಗ ತಗ್ಗಿಸುವುದೊಂದೇ ಉಪಾಯ. 120ನೆಯ ಹೆದ್ದಾರಿಯಲ್ಲಿ ಮೊಕ್ಯಾಸಿನ್ ದಾಟಿದ ಮೇಲೆ ಫೋನಿನ ನಕ್ಷೆಯು ಹತ್ತಿರದ ದಾರಿಯೆಂದು ಓಲ್ಡ್ ಪ್ರೀಸ್ಟ್ ಗ್ರೇಡನ್ನು ತೋರಿಸಬಹುದು. ಅತ್ಯಂತ ಕಡಿದಾದ ಆ ಏರು ಆರ್‌ವಿಗೆ ಸಲ್ಲದು. ಸುತ್ತಾದರೂ ಹೆದ್ದಾರಿಯ ನ್ಯೂ ಪ್ರೀಸ್ಟ್ ಗ್ರೇಡಿನಲ್ಲಿಯೇ ಏರಿ, ಮರಳುವಾಗ ಅದರಲ್ಲಿಯೇ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಅದು ಕಾದು ಕೈಕೊಡುತ್ತದೆ. ಎರಡು ಲೇನಿನ ದಾರಿಯಲ್ಲಿ ಹಿಂದೆ ಐದು ವಾಹನಗಳು ಕೂಡಿಕೊಂಡರೆ ಟರ್ನ್‌ಔಟಿನಲ್ಲಿ ಬದಿಗೆ ಸರಿದು ಅವಕ್ಕೆ ದಾರಿ ಬಿಡುವುದು ಸೌಜನ್ಯವಷ್ಟೇ ಅಲ್ಲ, ಈ ರಾಜ್ಯದ ಕಾನೂನು. ಕಣಿವೆಯೊಳಗೆ ಪೆಟ್ರೋಲ್ ಸಿಕ್ಕುವುದಿಲ್ಲವಾದುದರಿಂದ ಮೊದಲೇ ತುಂಬಿಸಿಕೊಳ್ಳಿರಿ.

ಆರ್‌ವಿ ಹೋಗಕೂಡದ ದಾರಿಗಳೂ ಹಲವಿವೆ. ಯೊಸೆಮಿಟಿಯ ಹೆಚ್ ಹೆಚಿ ರಸ್ತೆಯಲ್ಲಿ 25 ಅಡಿಗಿಂತ ಉದ್ದವಾದ ವಾಹನಕ್ಕೆ ಪ್ರವೇಶವಿಲ್ಲ. ಸಿಕ್ವೊಯ ಉದ್ಯಾನದ ತಪ್ಪಲಿನಿಂದ ಜೈಂಟ್ ಫಾರೆಸ್ಟಿಗೆ ಏರುವ ಜನರಲ್ಸ್ ಹೆದ್ದಾರಿಯಲ್ಲಿ 22 ಅಡಿ ಮೀರಿದವುಗಳನ್ನು ತರಬೇಡಿರೆಂದು ಉದ್ಯಾನದವರೇ ಹೇಳುತ್ತಾರೆ. 180ನೆಯ ಹೆದ್ದಾರಿಯಿಂದ ಹೋದರೆ ಆ ತೊಡಕಿಲ್ಲ. ನಮ್ಮ ಊರಿನ ಮಗ್ಗುಲಿನಲ್ಲಿಯೇ, ಲಾಸ್ ಆಲ್ಟೋಸ್ ಹಿಲ್ಸಿನಿಂದ ಸ್ಕೈಲೈನಿಗೆ ಸುತ್ತಿಸುತ್ತಿ ಏರುವ ಪೇಜ್ ಮಿಲ್ ರಸ್ತೆಯಲ್ಲಿ ಆರ್‌ವಿ ಹೊರಳುವುದಕ್ಕೆ ಎಡೆಯಿಲ್ಲ. ಮೊದಲ ಪ್ರಯಾಣ ಗಿಲ್ರಾಯ್ ಬಳಿಯ ಮೌಂಟ್ ಮಡೋನ ಕೌಂಟಿ ಪಾರ್ಕಿಗೋ ಹಾಫ್ ಮೂನ್ ಬೇ ಕಡಲ ತೀರಕ್ಕೋ ಆಗಲಿ. ಏನಾದರೂ ಮರೆತಿದ್ದರೆ ಮನೆ ಹತ್ತಿರವಿರುತ್ತದೆ.

ತಂಗುವ ಜಾಗ

ಯೊಸೆಮಿಟಿ ಕಣಿವೆಯ ಕ್ಯಾಂಪುಗಳನ್ನು ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ತಿಂಗಳುಗಟ್ಟಲೆ ಮುಂಚಿತವಾಗಿ, ಗೊತ್ತಾದ ದಿನ ಬೆಳಗ್ಗೆ 7 ಗಂಟೆಗೆ ತೆರೆಯುತ್ತಾರೆ. ಬೇಸಗೆಯ ಜಾಗಗಳು ಕೆಲವೇ ನಿಮಿಷಗಳಲ್ಲಿ ತುಂಬಿಹೋಗುತ್ತವೆ. ರಾಜ್ಯದ ಉದ್ಯಾನಗಳಿಗೆ ರಿಸರ್ವ್ ಕ್ಯಾಲಿಫೋರ್ನಿಯದಲ್ಲಿ ಆರು ತಿಂಗಳು ಮೊದಲು, ಬೆಳಗ್ಗೆ 8 ಗಂಟೆಗೆ ಅವಕಾಶ. ಅತ್ತೆಮಾವಂದಿರ ವಿಮಾನದ ಟಿಕೆಟ್ಟು ನಿಶ್ಚಯವಾದ ದಿನವೇ ಇದನ್ನೂ ನಿಶ್ಚಯಿಸಬೇಕು. ಜಾಗದ ಉದ್ದಕ್ಕೂ ಮಿತಿಯಿದೆ: ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪಿನಲ್ಲಿ 35 ಅಡಿಯವರೆಗಿನ ಆರ್‌ವಿಗೆ ಮಾತ್ರ ಎಡೆ. ಯೊಸೆಮಿಟಿಯ ಯಾವ ಕ್ಯಾಂಪಿನಲ್ಲಿಯೂ ನೀರು, ವಿದ್ಯುತ್ತು, ಕೊಳಚೆಗಳ ಸಂಪರ್ಕವಿಲ್ಲ. ಜನರೇಟರನ್ನು ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಗಂಟೆಯವರೆಗೆ ಮಾತ್ರ, ಅದೂ ಮಿತವಾಗಿ ಓಡಿಸಬಹುದು. ಕರಡಿಗಳ ನಾಡಾದುದರಿಂದ ಆಹಾರವನ್ನು ಗಟ್ಟಿಗೋಡೆಯ ಆರ್‌ವಿಯೊಳಗೆ ಕಣ್ಣಿಗೆ ಬೀಳದಂತಿಟ್ಟು, ಕಿಟಕಿ ಬಾಗಿಲುಗಳನ್ನು ಭದ್ರಪಡಿಸಬೇಕು. ಹುರಿದ ಶೇಂಗಾದ ಪೊಟ್ಟಣ ಹೊರಗಿನ ಮೇಜಿನ ಮೇಲೆ ಉಳಿದರೂ ಅದು ಕರಡಿಗೆ ಆಹ್ವಾನವೇ. ಸೌದೆಯನ್ನು ಮನೆಯಿಂದ ಹೊತ್ತೊಯ್ಯದೆ ಅಲ್ಲಿಯೇ ಕೊಂಡರೆ, ಮರಗಳನ್ನು ಕೊಲ್ಲುವ ಕೀಟಗಳನ್ನು ಕಾಡಿಗೆ ಸಾಗಿಸಿದ ಪಾಪ ತಟ್ಟದು.

ಮರಳಿ ಬಂದ ಮೇಲೆ

ಆರ್‌ವಿಯ ಪರಮಶತ್ರು ಮಾಡಿನ ಬಿರುಕಿನಿಂದ ಇಳಿಯುವ ಮಳೆಯ ನೀರು. ನಮ್ಮ ಕೊಲ್ಲಿಪ್ರದೇಶದ (ಬೇ ಏರಿಯದ) ಮಳೆ ಹೆಚ್ಚಾಗಿ ನವೆಂಬರಿನಿಂದ ಸುರಿಯತೊಡಗುವುದರಿಂದ, ಅಕ್ಟೋಬರಿನಲ್ಲಿಯೇ ಮಾಡಿನ ಅಂಚುಗಳ, ಗವಾಕ್ಷಿಗಳ ಸುತ್ತಣ ಸೀಲೆಂಟನ್ನು ಪರೀಕ್ಷಿಸಿ ಬಿರುಕು ಮುಚ್ಚಬೇಕು. ಬೇಸಗೆಯ ಬಿಸಿಲು ಅದನ್ನು ಒಣಗಿಸಿರುತ್ತದೆ. ಟೈರು ಸವೆಯದಿದ್ದರೂ ಮುದಿಯಾಗುತ್ತದೆ: ಅದರ ಮಗ್ಗುಲಿನ ಡಿಒಟಿ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಆರೇಳು ವರ್ಷ ಕಳೆದ ಟೈರನ್ನು ನಂಬಿ ಸಂಸಾರವನ್ನು ಬೆಟ್ಟಕ್ಕೆ ಕರೆದೊಯ್ಯಬಾರದು. ಅಕ್ಕಿ ಬೇಳೆಗಳ ಒಂದು ಕಾಳೂ ಉಳಿಯದಂತೆ ಗುಡಿಸಿ ನಿಲ್ಲಿಸಿದರೆ ಇಲಿಗಳು ತಂತಿ ಕಡಿಯುವ ಭಯ ಕಡಿಮೆ.

ನಿಲ್ಲಿಸುವ ಜಾಗದ ಪ್ರಶ್ನೆಗೆ ಈ ಸೀಮೆಯಲ್ಲಿ ಕೇವಲ ಅನುಕೂಲವನ್ನು ಮೀರಿದ ಗಾಂಭೀರ್ಯವಿದೆ. ಮನೆಬಾಡಿಗೆ ತೆರಲಾರದ ಎಷ್ಟೋ ದುಡಿಯುವ ಕುಟುಂಬಗಳಿಗೆ ರಸ್ತೆಬದಿಯ ಆರ್‌ವಿಯೇ ಇರುವ ಏಕೈಕ ಮನೆ. ಪಕ್ಕದ ಮೌಂಟನ್ ವ್ಯೂನಲ್ಲಿ 2020ರ ನವೆಂಬರಿನಲ್ಲಿ ಮತದಾರರು ಒಪ್ಪಿದ ‘ಮೆಷರ್ ಸಿ’ಯು, ಕಿರಿದಾದ ಬೀದಿಗಳಲ್ಲಿ ದೊಡ್ಡ ವಾಹನಗಳು ನಿಲ್ಲುವುದನ್ನು ನಿಷೇಧಿಸಿತು. ವಿಹಾರಕ್ಕಾಗಿ ಆರ್‌ವಿ ಕೊಂಡ ನಾವು ಅಂತಹವರ ಬೀದಿಬದಿಯ ಜಾಗವನ್ನು ಆಕ್ರಮಿಸದೆ, ನಮ್ಮ ನಗರದ ನಿಯಮಗಳನ್ನು ಕೇಳಿ ತಿಳಿದು, ಬಾಡಿಗೆಯ ಸ್ಥಳದಲ್ಲಿ ವಾಹನವನ್ನಿಡುವುದು ನ್ಯಾಯ. ಆ ಬಾಡಿಗೆ ಭರಿಸಲಾಗದೆಂದು ಕಂಡರೆ ಕೊಳ್ಳುವ ವಿಚಾರವನ್ನೇ ಕೈಬಿಡಬೇಕು.

ಕೊನೆಯದಾಗಿ ಓದುಗರಲ್ಲಿ ಒಂದು ಬಿನ್ನಹ. ಹೊರಡುವ ಪ್ರತಿಯೊಂದು ಮುಂಜಾವಿನಲ್ಲಿಯೂ, ಎಷ್ಟೇ ಅವಸರವಿದ್ದರೂ, ವಾಹನವನ್ನು ಒಮ್ಮೆ ಪ್ರದಕ್ಷಿಣೆ ಬನ್ನಿರಿ: ವಿದ್ಯುತ್ತಿನ ತಂತಿ ಕಳಚಿದೆಯೆ, ನೀರಿನ ಹಾಗೂ ಕೊಳಚೆಯ ಕೊಳವೆಗಳು ಒಳಸೇರಿವೆಯೆ, ಮೆಟ್ಟಿಲು ಮಡಚಿದೆಯೆ, ಮಾಡಿನ ಗವಾಕ್ಷಿ ಮುಚ್ಚಿದೆಯೆ, ಫ್ರಿಜ್ಜಿನ ಹಾಗೂ ಕಪಾಟುಗಳ ಬಾಗಿಲುಗಳಿಗೆ ಅಗುಳಿ ಬಿದ್ದಿದೆಯೆ, ಹಿರಿಯರೂ ಮಕ್ಕಳೂ ಬೆಲ್ಟ್ ಕಟ್ಟಿ ಕುಳಿತಿರುವರೆ ಎಂಬುದನ್ನು ಬರೆದಿಟ್ಟ ಪಟ್ಟಿಯಿಂದ ಒಬ್ಬರು ಓದಿ ಇನ್ನೊಬ್ಬರು ನೋಡಿ ಖಾತ್ರಿಪಡಿಸಿಕೊಂಡ ಹೊರತು ಕೀಲಿ ತಿರುಗಿಸಬೇಡಿರಿ.